ಆರು ತಿಂಗಳ ಕೂಸಿಗೆ ಯಾವ ಕರ್ಮ?

2019ರ ಡಿಸೆಂಬರ್ 26, ಸೂರ್ಯಗ್ರಹಣದ ದಿನ. ಕಲಬುರಗಿ ಪಕ್ಕದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತಿದ್ದರು. ಗ್ರಹಣದ ಹೊತ್ತಿನಲ್ಲಿ ಹೀಗೆ ಹೂತರೆ ಊನ ಹೋಗುತ್ತದೆ ಎಂಬ ನಂಬಿಕೆ. ಪೇಪರಿನಲ್ಲಿ ಫೋಟೋ ಬಂತು. ಓದಿದವರು ಮೂಢನಂಬಿಕೆ ಅಂತ ಬೈದು ಪುಟ ತಿರುಗಿಸಿದರು.

ತಂದೆ ತಾಯಿಯನ್ನು ಬೈಯುವುದು ಸುಲಭ. ಕೇಳಬೇಕಾದ ಪ್ರಶ್ನೆ ಬೇರೆ. ಇಂಥ ಮಕ್ಕಳಿರುವ ಮನೆಗೆ ಗ್ರಹಣದ ಸುದ್ದಿ ತಪ್ಪದೆ ತಲುಪುತ್ತದೆ. ಡಾಕ್ಟರ ಸುದ್ದಿ ಯಾಕೆ ತಲುಪುವುದಿಲ್ಲ?

ಕೇರಿಯಲ್ಲಿ ಹುಟ್ಟಿದ್ದು ಹಿಂದಿನ ಜನ್ಮದ ಪಾಪ ಅಂತ ನಮ್ಮ ತಾತ ಮುತ್ತಾತಂದಿರಿಗೆ ಹೇಳಿಕೊಟ್ಟವರು ಯಾರು ಅಂತ ನಮಗೆ ಗೊತ್ತು. ಬಾಬಾಸಾಹೇಬರನ್ನು ಓದಿದ ಮೇಲೆ ಆ ಸುಳ್ಳನ್ನು ತಿಪ್ಪೆಗೆ ಎಸೆದೆವು. ಆದರೆ ಅದೇ ಕೇರಿಯಲ್ಲಿ ಒಂದು ಕೂಸು ಕತ್ತು ನಿಲ್ಲಿಸದಿದ್ದರೆ, ಕರೆದರೆ ತಿರುಗದಿದ್ದರೆ, "ಅದರ ಹಣೇಲಿ ಬರ್ದಿದ್ದು ಕಣವ್ವ, ಏನ್ ಮಾಡಕ್ಕಾಯ್ತದೆ" ಅನ್ನುವುದು ಇನ್ನೂ ನಿಂತಿಲ್ಲ. ಬೀದಿಯಿಂದ ಓಡಿಸಿದ ಕರ್ಮ ತೊಟ್ಟಿಲ ಕೆಳಗೆ ಬಂದು ಕೂತಿದೆ.

ಕಾರಣ ಹಣೆಯಲ್ಲಿಲ್ಲ. ಕೆಲವು ಊನಗಳು ಹುಟ್ಟಿನಿಂದಲೇ ಬರುತ್ತವೆ, ಅದು ಯಾರ ತಪ್ಪೂ ಅಲ್ಲ. ಇನ್ನು ಕೆಲವಕ್ಕೆ ಕಾರಣ ನಮ್ಮ ಕಣ್ಣೆದುರಿಗೇ ಇದೆ. ದಿನ ತುಂಬುವ ತನಕ ಗದ್ದೆಯಲ್ಲಿ ಬಗ್ಗಿ ದುಡಿದ, ಮೈಯಲ್ಲಿ ರಕ್ತವಿಲ್ಲದ ತಾಯಿ. ತಿಂಗಳು ತುಂಬದೆ, ತೂಕವಿಲ್ಲದೆ ಹುಟ್ಟಿದ ಕೂಸು. ಹೆರಿಗೆ ತಡವಾಗಿ ಉಸಿರುಕಟ್ಟಿದ ಕೂಸು. ಹುಟ್ಟಿದ ವಾರದಲ್ಲಿ ಕಾಮಾಲೆ ಏರಿದರೂ ಯಾರೂ ನೋಡದೆ ಬಿಟ್ಟ ಕೂಸು. ಇದನ್ನು ಕರ್ಮ ಅಂದುಬಿಟ್ಟರೆ ಕೂಲಿಯ ಲೆಕ್ಕ, ಆಸ್ಪತ್ರೆಯ ಲೆಕ್ಕ ಕೇಳುವವರೇ ಇರುವುದಿಲ್ಲ.

ಇಲ್ಲಿ ಎಲ್ಲಕ್ಕಿಂತ ದೊಡ್ಡದು ಹೊತ್ತು. ಪಾದ ಸೊಟ್ಟಗಿರುವ ಕೂಸಿಗೆ ಹುಟ್ಟಿದ ಮೊದಲ ವಾರಗಳಲ್ಲೇ ಶುರುಮಾಡಿ, ವಾರಕ್ಕೊಮ್ಮೆ ಪ್ಲಾಸ್ಟರ್ ಬದಲಿಸುತ್ತ ಹೋದರೆ ಒಂದೆರಡು ತಿಂಗಳಲ್ಲಿ ಪಾದ ನೇರಕ್ಕೆ ಬರುತ್ತದೆ. ಮತ್ತೆ ತಿರುಚದ ಹಾಗೆ ಕೆಲವು ವರ್ಷ ರಾತ್ರಿ ಹೊತ್ತು ಬೂಟು ಹಾಕಿಸಬೇಕು, ಅಷ್ಟೆ. ಥೈರಾಯ್ಡ್ ಕೊರತೆಯಿಂದ ಹುಟ್ಟಿದ ಕೂಸಿಗೆ ಮೊದಲ 2 ವಾರದೊಳಗೆ ದಿನಕ್ಕೊಂದು ಮಾತ್ರೆ ಶುರುಮಾಡಿದರೆ ಬುದ್ಧಿ ಬೆಳೆಯುತ್ತದೆ. ತಡವಾದರೆ ಹೋದ ಬುದ್ಧಿ ಹಿಂದೆ ಬರುವುದಿಲ್ಲ. ಅದನ್ನು ಕಂಡುಹಿಡಿಯಲು ಹಿಮ್ಮಡಿಯ ಒಂದು ಹನಿ ರಕ್ತ ಸಾಕು. ಆದರೆ ಈ ಪರೀಕ್ಷೆ ನಮ್ಮ ದೇಶದಲ್ಲಿ ಹುಟ್ಟುವ ಪ್ರತಿ ಕೂಸಿಗೂ ಇನ್ನೂ ಆಗುತ್ತಿಲ್ಲ. ಕಿವಿಯ ಲೆಕ್ಕ 1, 3, 6: ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ. ಕೇಳಿಸದ ಕಿವಿಗೆ ಮಾತು ಹೇಗೆ ಬರಬೇಕು?

ಎಲ್ಲ ಊನವೂ ವಾಸಿಯಾಗುವುದಿಲ್ಲ. ಮಿದುಳಿಗೆ ಪೆಟ್ಟಾದ ಮಗುವನ್ನು ಪೂರ್ತಿ ಗುಣಮಾಡುತ್ತೇವೆ ಅಂತ ದುಡ್ಡು ಕೀಳುವವರನ್ನು ನಂಬಬೇಡಿ. ಆದರೆ ಬೇಗ ವ್ಯಾಯಾಮ ಕಲಿಸಿದರೆ ಆ ಮಗುವಿನ ಕೈಕಾಲು ಸೆಟೆದುಕೊಳ್ಳುವುದು ತಗ್ಗುತ್ತದೆ. ಕೂರುವುದು, ತನ್ನ ಕೈಯಾರೆ ತಿನ್ನುವುದು ಎಷ್ಟೋ ಮಕ್ಕಳಿಗೆ ಸಾಧ್ಯವಾಗುತ್ತದೆ. ತನ್ನ ಅನ್ನ ತಾನು ತಿನ್ನುವುದು ಸಣ್ಣ ಸ್ವಾತಂತ್ರ್ಯವೇ?

ಸರ್ಕಾರದ ಕಾಗದದಲ್ಲಿ ಎಲ್ಲವೂ ಇದೆ. ದೇಶದಲ್ಲಿ ಮಾತು, ಕಿವಿಗೆಂದೇ ಇರುವ ದೊಡ್ಡ ವಾಕ್ ಶ್ರವಣ ಸಂಸ್ಥೆ 1965ರಲ್ಲೇ ಮೈಸೂರಿಗೆ ಬಂತು. 1975ರಲ್ಲಿ ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ಅದೇ ಜಿಲ್ಲೆಯ ಟಿ. ನರಸೀಪುರಕ್ಕೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಅದರ ಪ್ರಕಾರ ವೈದ್ಯರ ತಂಡ ಪ್ರತಿ ಅಂಗನವಾಡಿಗೆ ವರ್ಷಕ್ಕೆ 2 ಸಲ ಬಂದು ಮಕ್ಕಳನ್ನು ನೋಡಬೇಕು. ತೊಂದರೆ ಕಂಡ ಮಗುವನ್ನು ಜಿಲ್ಲೆಯ ಡಿ.ಇ.ಐ.ಸಿ. ಕೇಂದ್ರಕ್ಕೆ ಕಳಿಸಬೇಕು. ಅಲ್ಲಿ ಮಕ್ಕಳ ಡಾಕ್ಟರು, ಫಿಸಿಯೋಥೆರಪಿ, ಮಾತಿನ ತರಬೇತಿ ಎಲ್ಲ ಒಂದೇ ಕಡೆ, ಪುಕ್ಕಟೆ ಸಿಗಬೇಕು.

ಸಿಗಬೇಕು ಅನ್ನುವುದಕ್ಕೂ ಸಿಗುತ್ತದೆ ಅನ್ನುವುದಕ್ಕೂ ನಡುವೆ ಬಸ್ ಚಾರ್ಜಿದೆ, ಒಂದು ದಿನದ ಕೂಲಿ ಇದೆ. ಪ್ಲಾಸ್ಟರಿಗೆ ವಾರ ವಾರ ಹೋಗಬೇಕಾದ ತಾಯಿ ವಾರ ವಾರ ಕೂಲಿ ಕಳೆದುಕೊಳ್ಳುತ್ತಾಳೆ. ಮೂರನೇ ವಾರ ಆಕೆ ಹೋಗದಿದ್ದರೆ "ಇವರಿಗೆ ತಿಳಿವಳಿಕೆ ಇಲ್ಲ" ಅಂತಾರೆ. ತಿಳಿವಳಿಕೆ ಇದೆ ಸ್ವಾಮಿ, ಕಾಸಿಲ್ಲ.

ಕಾನೂನಿನ ಗುಟ್ಟನ್ನೂ ನೋಡಿ. 2002ರ ತಿದ್ದುಪಡಿ 6ರಿಂದ 14 ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿತು. 6 ತುಂಬುವ ಮುಂಚಿನ ಮಕ್ಕಳ ಪಾಲನೆ, ಶಿಕ್ಷಣಕ್ಕೆ ಮಾತ್ರ ರಾಜ್ಯ ಪ್ರಯತ್ನಿಸಬೇಕು ಅಂದಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಕೊಡುವ ಉಚಿತ ಶಿಕ್ಷಣವೂ 6ರಿಂದ 18ಕ್ಕೆ. ಹಕ್ಕು ಶುರುವಾಗುವ ಹೊತ್ತಿಗೆ ಮಿದುಳು ಅತಿ ವೇಗವಾಗಿ ಬೆಳೆಯುವ ವರ್ಷಗಳು ಮುಗಿದಿರುತ್ತವೆ.

ಆದ್ದರಿಂದ ನಮ್ಮ ಒತ್ತಾಯ ಇಷ್ಟು. ತಪಾಸಣೆಯ ದಿನವನ್ನು ಮುಂಚಿತವಾಗಿ ಕೇರಿಗೆ ಬಂದು ಸಾರಬೇಕು. ಕೇಂದ್ರಗಳಲ್ಲಿ ಖಾಲಿ ಇರುವ ಹುದ್ದೆ ತುಂಬಬೇಕು. ವಾರಕ್ಕೊಂದು ದಿನವಾದರೂ ತಾಲ್ಲೂಕು ಆಸ್ಪತ್ರೆಯಲ್ಲೇ ತರಬೇತಿ ಸಿಗಬೇಕು. ಮಗುವನ್ನು ಹೊತ್ತು ಬರುವವರಿಗೆ ಬಸ್ ಚಾರ್ಜು, ಆ ದಿನದ ಕೂಲಿ ಕೊಡಬೇಕು.

ಹಾಸ್ಟೆಲಿನ ಗೆಳೆಯರೇ, ಮನೆಯಲ್ಲಿ ಓದು ಕಲಿತ ಮೊದಲಿಗರು ನಿಮ್ಮಲ್ಲಿ ಅನೇಕರು. ರಜೆಗೆ ಊರಿಗೆ ಹೋದಾಗ ಕಣ್ಣು ತೆರೆದು ನೋಡಿ. 3 ತಿಂಗಳಾದರೂ ಮುಖ ನೋಡಿ ನಗದ, 5 ತಿಂಗಳಾದರೂ ಕತ್ತು ನಿಲ್ಲದ, 9 ತಿಂಗಳಾದರೂ ಕೂರದ, ಒಂದೂವರೆ ವರ್ಷವಾದರೂ ನಡೆಯದ, 2 ವರ್ಷವಾದರೂ ಎರಡು ಪದ ಜೋಡಿಸದ, ಸದ್ದಿಗೆ ತಿರುಗದ ಮಗು ಇದ್ದರೆ "ಗಂಡ್ ಮಕ್ಳಿಗೆ ಮಾತು ತಡ, ಬಿಡು" ಅನ್ನುವವರ ಮಾತು ಕೇಳಿ ಸುಮ್ಮನಾಗಬೇಡಿ. ಆ ತಾಯಿಯ ಜೊತೆ ಬಸ್ ಹತ್ತಿ, ಚೀಟಿ ಬರೆಸಿ, ಸಾಲಿನಲ್ಲಿ ನಿಲ್ಲಿ. ಅಂಗನವಾಡಿ ಟೀಚರನ್ನು ಕೇಳಿ: ತಂಡ ಕೊನೆಗೆ ಬಂದದ್ದು ಯಾವಾಗ? ಎಷ್ಟು ಮಕ್ಕಳನ್ನು ಮುಂದಕ್ಕೆ ಕಳಿಸಿದರು? ಆಕೆಯೂ ಅರೆಹೊಟ್ಟೆಯ ಗೌರವಧನಕ್ಕೆ ದುಡಿಯುವವಳೇ, ಜಗಳ ಬೇಡ. ಉತ್ತರ ಕೊಡಬೇಕಾದವರು ಮೇಲಿದ್ದಾರೆ. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅವರಿಗೆ ಅರ್ಜಿ ಹಾಕಿ.

ಈ ರಜೆಯಲ್ಲಿ ನಿಮ್ಮ ಕೇರಿಯ 6 ವರ್ಷದೊಳಗಿನ ಮಕ್ಕಳ ಪಟ್ಟಿ ಮಾಡಿ. ಯಾರಿಗೆ ತಪಾಸಣೆ ಆಗಿದೆ, ಯಾರಿಗೆ ಆಗಿಲ್ಲ ಬರೆದುಕೊಳ್ಳಿ. ಮುಂದಿನ ಸಭೆಗೆ ಬರುವಾಗ ಆ ಪಟ್ಟಿ ಜೊತೆಗೆ ತನ್ನಿ.