ಹಕ್ಕಿನ ಮಾತು, ಕಾಗದದ ಮಾತು

ಊರು ಬಿಟ್ಟು ಗದಗ ತಾಲೂಕಿನ ಹೊಂಬಳದಲ್ಲಿ ಮದ್ರಸ ಮಕ್ಕಳಿಗೆ ಪಾಠ ಹೇಳಿಕೊಂಡಿರುವ ನನಗೆ, ರಜೆಯಲ್ಲಿ ಮಂಗಳೂರಿಗೆ ಹೊರಟಾಗಲೆಲ್ಲ ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಲಿಕ್ಕಿರುತ್ತದೆ. ಹೊತ್ತು ಉಳಿದರೆ ಚೆನ್ನಮ್ಮ ಸರ್ಕಲ್ ಕಡೆ ಹೋಗಿ ಬರುತ್ತೇನೆ. ಪಕ್ಕದಲ್ಲೇ ಈದ್ಗಾ ಮೈದಾನ ಉಂಟು. ಕಳೆದ ಸಲ ಜೊತೆಗಿದ್ದ ಅಣ್ಣನ ಮಗ ಅದನ್ನು ನೋಡಿ, "ಇಷ್ಟು ಜಾಗಕ್ಕಾ ಅಷ್ಟು ದೊಡ್ಡ ಗಲಾಟೆ ಆದದ್ದು?" ಅಂತ ಕೇಳಿದ. ಜಾಗ ದೊಡ್ಡದಲ್ಲ, ನಿಜ. ಆದರೆ ಪಳ್ಳಿ, ಈದ್ಗಾ, ಖಬರಸ್ಥಾನದ ವಿಷಯದಲ್ಲಿ ಇವತ್ತು ನಾವು ಕೇಳುವ ಎಲ್ಲ ಪ್ರಶ್ನೆಗಳೂ ಆ ಮೈದಾನದಲ್ಲಿ ಒಮ್ಮೆ ಆಡಿ ಮುಗಿದಿವೆ.

1921ರಲ್ಲಿ ಹುಬ್ಬಳ್ಳಿ ಪುರಸಭೆ ಆ ಜಾಗವನ್ನು ಅಂಜುಮನ್-ಎ-ಇಸ್ಲಾಂ ಸಂಸ್ಥೆಗೆ 999 ವರ್ಷಗಳಿಗೆ ಅಂತ ಕೊಟ್ಟಿತು. ಎರಡು ಈದ್‌ಗಳ ನಮಾಜು ಅಲ್ಲಿ ನಡೆಯುತ್ತಾ ಬಂತು. 1972ರಲ್ಲಿ ಊರಿನ ಕೆಲವರು ಕೋರ್ಟಿಗೆ ಹೋದರು. ಯಾಕೆ? ನಮಾಜು ನಿಲ್ಲಿಸಿ ಅಂತ ಅಲ್ಲ. ಮೈದಾನದಲ್ಲಿ ಅಂಗಡಿ ಮಳಿಗೆಗಳ ಕಟ್ಟಡ ಏಳಲಿಕ್ಕೆ ಶುರುವಾಗಿತ್ತು. ಕೆಳಗಿನ ಕೋರ್ಟು, ಮೇಲಿನ ಕೋರ್ಟು, 1992ರಲ್ಲಿ ಹೈಕೋರ್ಟು, ಕೊನೆಗೆ 2010ರಲ್ಲಿ ಸುಪ್ರೀಂ ಕೋರ್ಟು, ಎಲ್ಲ ಕಡೆ ಬಂದ ಉತ್ತರ ಒಂದೇ. ಜಾಗ ಪಾಲಿಕೆಯದ್ದು, ಅಂಜುಮನ್‌ಗೆ ಇರುವುದು ವರ್ಷಕ್ಕೆ ಎರಡು ದಿನ ನಮಾಜು ಮಾಡುವ ಪರವಾನಗಿ ಮಾತ್ರ, ಕಟ್ಟಡ ಅಲ್ಲಿರಬಾರದು.

ಇದನ್ನು ಹೇಳಿದರೆ ನಮ್ಮಲ್ಲಿ ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ. ನಮಾಜಿಗೆ ಅಂತ ಸಿಕ್ಕಿದ ಜಾಗದಲ್ಲಿ ಮಳಿಗೆ ಎಬ್ಬಿಸಲಿಕ್ಕೆ ಹೋಗಿ ನಾವು 999 ವರ್ಷವನ್ನು ಎರಡು ದಿನಕ್ಕೆ ಇಳಿಸಿಕೊಂಡೆವು ಅಂತಲೇ ನನ್ನ ಅಭಿಪ್ರಾಯ. ಬಾಡಿಗೆಯ ದುಡ್ಡು ಸಮುದಾಯದ ಒಳ್ಳೆಯ ಕೆಲಸಕ್ಕೇ ಹೋಗುತ್ತಿತ್ತು ಅನ್ನಬಹುದು. ಆದರೆ ಕೊಟ್ಟವರ ಉದ್ದೇಶ ಮೀರಬಾರದು ಅನ್ನುವುದು ನಮ್ಮ ಫಿಕ್ಹ್‌ನಲ್ಲಿ ವಕ್ಫ್‌ನ ಮೊದಲ ಪಾಠ. ಅದನ್ನು ನಮಗೆ ಕೋರ್ಟು ಕಲಿಸಬೇಕಾಗಿ ಬಂತು.

ಇನ್ನು ಭಾವನೆಯ ಮಾತು. ಕೋರ್ಟಿನ ವ್ಯಾಜ್ಯ ಒಂದು ಕಡೆ ನಡೆಯುತ್ತಿದ್ದಾಗಲೇ, 1992ರಿಂದ ಆ ಮೈದಾನದಲ್ಲಿ ರಾಷ್ಟ್ರಧ್ವಜ ಹಾರಿಸುತ್ತೇವೆ ಅನ್ನುವ ಹಠ ಶುರುವಾಯಿತು. 1994ರ ಆಗಸ್ಟ್ 15ರಂದು ಕರ್ಫ್ಯೂ, ಗೋಲಿಬಾರ್ ಆಗಿ ಜೀವಗಳು ಹೋದವು. ಸತ್ತವರಿಗೂ 1921ರ ಕರಾರಿಗೂ ಏನು ಸಂಬಂಧ? ಮರುವರ್ಷ ಅಂಜುಮನ್‌ನವರೇ ಅಲ್ಲಿ ಧ್ವಜ ಹಾರಿಸಿದರು, ಆ ಗಲಾಟೆ ತಣ್ಣಗಾಯಿತು. ಧ್ವಜ ನಮ್ಮದೂ ಹೌದಲ್ಲ, ಅದನ್ನು ಮೊದಲೇ ಮಾಡಬಹುದಿತ್ತು ಅಂತ ನನಗೆ ಯಾವಾಗಲೂ ಅನಿಸುತ್ತದೆ. ಅದರಿಂದ ನಾವು ಕಳೆದುಕೊಂಡದ್ದು ಏನೂ ಇಲ್ಲ.

ಸಂವಿಧಾನದ 25ನೇ ವಿಧಿ ಧರ್ಮ ಪಾಲಿಸುವ ಸ್ವಾತಂತ್ರ್ಯ ಕೊಡುವಾಗ ಕೆಲವು ಮಿತಿ ಹಾಕಿದೆ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಅಂತ ಅದರಲ್ಲಿ ಬರುತ್ತದೆ. 'ಇತರರ ಭಾವನೆ' ಅನ್ನುವ ಮಾತು ಆ ಪಟ್ಟಿಯಲ್ಲಿ ಇಲ್ಲ. ಆದರೆ ಅದು ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ಹೇಗೆ ಅಂದರೆ, ಪಳ್ಳಿ ಬೇಡ ಅನ್ನುವವರು ಬೀದಿಗೆ ಇಳಿಯುತ್ತಾರೆ, ಗಲಾಟೆ ಆಗಬಹುದು ಅಂತ ವರದಿ ಹೋಗುತ್ತದೆ, ಸುವ್ಯವಸ್ಥೆಯ ಹೆಸರಿನಲ್ಲಿ ಅನುಮತಿ ನಿಲ್ಲುತ್ತದೆ. ಶಾಂತಿ ಕದಡುತ್ತೇನೆ ಅಂತ ಹೆದರಿಸಿದವನಿಗೆ ಜಯ, ಅರ್ಜಿ ಹಿಡಿದು ಸುಮ್ಮನೆ ಕೂತವನಿಗೆ ಸೋಲು. ಪೊಲೀಸರ ಕೆಲಸ ಹೆದರಿಸುವವನನ್ನು ತಡೆಯುವುದಲ್ಲವಾ?

2022ರ ಆಗಸ್ಟ್ ಕೊನೆಯ ವಾರ ನೆನಪಿಸಿಕೊಳ್ಳಿ. 26ರಂದು ಕೇರಳ ಹೈಕೋರ್ಟು ನಿಲಂಬೂರು ಕಡೆಯ ಒಂದು ಕಟ್ಟಡವನ್ನು ಪ್ರಾರ್ಥನಾಲಯ ಮಾಡಲಿಕ್ಕೆ ಕೇಳಿದ ಅರ್ಜಿ ತಿರಸ್ಕರಿಸಿತು. 5 ಕಿಲೋಮೀಟರ್ ಸುತ್ತಳತೆಯಲ್ಲಿ 36 ಪಳ್ಳಿಗಳಿವೆ, ವಾಹನ ಇರುವ ಈ ಕಾಲದಲ್ಲಿ ದೂರ ಹೋಗಿ ನಮಾಜು ಮಾಡಬಹುದು ಅನ್ನುವ ಧಾಟಿಯ ಮಾತು ಆ ತೀರ್ಪಿನಲ್ಲಿ ಬಂತು. ಗೌರವದಿಂದಲೇ ಹೇಳುತ್ತೇನೆ, ಇದು ನನಗೆ ಒಪ್ಪಿಗೆ ಇಲ್ಲ. ದಿನಕ್ಕೆ ಐದು ಹೊತ್ತು, ಸುಬ್‌ಹಿಯ ಕತ್ತಲಲ್ಲಿ ಊರುಗೋಲು ಹಿಡಿದು ಬರುವ ಮುದುಕರಿಗೆ ಯಾವ ವಾಹನ? ಆದರೂ ಗಲ್ಲಿಗೊಂದು ಪಳ್ಳಿ ಬೇಕಾ ಅನ್ನುವ ಪ್ರಶ್ನೆಯನ್ನು ನ್ಯಾಯಾಧೀಶರು ಕೇಳುವ ಮೊದಲು ನಾವೇ ಕೇಳಿಕೊಳ್ಳಬೇಕಿತ್ತು. ಸಂಘಟನೆಗೊಂದು, ಕಮಿಟಿ ಜಗಳಕ್ಕೊಂದು ಅಂತ ಎದ್ದ ಪಳ್ಳಿಗಳು ನಮ್ಮ ಕರಾವಳಿಯಲ್ಲಿ ಇಲ್ಲವೇ? ಜಮಾಅತ್ ಒಡೆಯಲಿಕ್ಕೆ ಕಟ್ಟಿದ ಪಳ್ಳಿಯ ಬಗ್ಗೆ ಸೂರಃ ತೌಬಾದಲ್ಲಿ ಏನು ಬಂದಿದೆ ಅಂತ ಮದ್ರಸದ ಮಕ್ಕಳಿಗೂ ಗೊತ್ತು.

ಅದೇ ವಾರ, 30ನೇ ತಾರೀಕು, ಗಣೇಶ ಚತುರ್ಥಿಯ ಮುಂಚಿನ ದಿನ. ಬೆಂಗಳೂರಿನ ಚಾಮರಾಜಪೇಟೆ ಈದ್ಗಾದಲ್ಲಿ ಯಥಾಸ್ಥಿತಿ ಇರಲಿ ಅಂತ ಸುಪ್ರೀಂ ಕೋರ್ಟು ಸಂಜೆ ಹೇಳಿತು. ಹುಬ್ಬಳ್ಳಿ ಈದ್ಗಾದಲ್ಲಿ ಗಣಪತಿ ಕೂರಿಸಬಹುದು ಅಂತ ರಾಜ್ಯ ಹೈಕೋರ್ಟು ರಾತ್ರಿ ಹೇಳಿತು. ಒಂದೇ ರಾಜ್ಯ, ಒಂದೇ ಹಬ್ಬ, ಎರಡೂ ಈದ್ಗಾ. ಭಾವನೆ ಎರಡು ಕಡೆಯೂ ಒಂದೇ ಇತ್ತು, ಬೇರೆ ಇದ್ದದ್ದು ಕಾಗದ. ಚಾಮರಾಜಪೇಟೆಗೆ 1960ರ ದಶಕದ ತೀರ್ಪು ಮತ್ತು ವಕ್ಫ್ ಗೆಜೆಟ್ ತೋರಿಸಲಿಕ್ಕೆ ಇತ್ತು. ಹುಬ್ಬಳ್ಳಿಯಲ್ಲಿ ಜಾಗ ಪಾಲಿಕೆಯದ್ದು ಅಂತ ಆಗಲೇ ತೀರ್ಮಾನ ಆಗಿ ಹೋಗಿತ್ತು.

ಕಾಗದದ ಮಾತು ಸರಕಾರಿ ಕಚೇರಿಯ ಮಾತು ಅಂತ ತಿಳಿಯಬೇಡಿ. ಮದೀನಾದಲ್ಲಿ ಮಸ್ಜಿದುನ್ನಬವಿ ಕಟ್ಟಿದ ಜಾಗ ಇಬ್ಬರು ಅನಾಥ ಹುಡುಗರದ್ದು, ಸಹ್ಲ್ ಮತ್ತು ಸುಹೈಲ್. ಅವರು ಪುಕ್ಕಟೆ ಕೊಡಲಿಕ್ಕೆ ಮುಂದೆ ಬಂದರು. ಪ್ರವಾದಿಯವರು (ಸ) ಒಪ್ಪಲಿಲ್ಲ, ಬೆಲೆ ಕೊಟ್ಟೇ ತೆಗೆದುಕೊಂಡರು. ನಾಳೆ ಯಾರೂ ಅದು ನಮ್ಮದು ಅನ್ನಬಾರದು. ಜೆರುಸಲೇಮಿನಲ್ಲಿ ಖಲೀಫ ಉಮರ್ (ರ) ಅವರನ್ನು ಇಗರ್ಜಿಯ ಒಳಗೇ ನಮಾಜು ಮಾಡಿ ಅಂತ ಪಾದ್ರಿಗಳು ಕರೆದಾಗ ಅವರು ಹೊರಗೆ ಬಂದು ಮಾಡಿದರು ಅಂತ ಚರಿತ್ರೆ ಹೇಳುತ್ತದೆ. ಉಮರ್ ಇಲ್ಲಿ ನಮಾಜು ಮಾಡಿದ್ದರು ಅಂತ ಮುಂದೆ ನಮ್ಮವರೇ ಆ ಇಗರ್ಜಿಯನ್ನು ಕೇಳಿಯಾರು ಅನ್ನುವ ಹೆದರಿಕೆ ಅವರಿಗೆ. ಇತರರ ಮನಸ್ಸನ್ನು ನೋಡುವುದು ಅಂದರೆ ಇದು. ಖಲೀಫರಿಗೆ ಯಾರೂ ಆದೇಶ ಹೊರಡಿಸಿರಲಿಲ್ಲ. ನಾವಾಗಿ ಕೊಟ್ಟರೆ ಅದು ದೊಡ್ಡತನ. ಅಧಿಕಾರಿ ನೋಟಿಸು ಕೊಟ್ಟು ಅದನ್ನೇ ವಸೂಲಿ ಮಾಡಿದರೆ ಬೇರೆ ಹೆಸರು.

ಈಗ ನಮ್ಮ ಬಾಗಿಲಿಗೇ ಬರುತ್ತೇನೆ. 2022ರ ಏಪ್ರಿಲ್‌ನಲ್ಲಿ ಮಂಗಳೂರು ಹತ್ತಿರದ ಮಳಲಿಯ ಜುಮಾ ಮಸೀದಿಯ ನವೀಕರಣಕ್ಕೆ ಹಳೆಯ ಭಾಗ ಬಿಚ್ಚಿದಾಗ ಒಳಗಿನ ಮರದ ಕೆಲಸ ಕಂಡಿತು. ದೇವಸ್ಥಾನದ ಹಾಗೆ ಉಂಟು ಅಂತ ಸುದ್ದಿ ಹಬ್ಬಿತು. ಕೆಲಸ ನಿಂತಿತು, ಮೇ ತಿಂಗಳಲ್ಲಿ ತಾಂಬೂಲ ಪ್ರಶ್ನೆ ನಡೆಯಿತು, ವ್ಯಾಜ್ಯ ಕೋರ್ಟು ಹತ್ತಿತು. ಅವರವರ ನಂಬಿಕೆ ಅವರವರಿಗೆ, ಆದರೆ ಪಳ್ಳಿ ಯಾರದ್ದು ಅಂತ ವೀಳ್ಯದೆಲೆ ನೋಡಿ ತೀರ್ಮಾನಿಸುವ ಕಾನೂನು ಈ ದೇಶದಲ್ಲಿ ಇಲ್ಲ. 1947ರ ಆಗಸ್ಟ್ 15ರಂದು ಪೂಜಾಸ್ಥಳ ಹೇಗಿತ್ತೋ ಹಾಗೇ ಇರಬೇಕು ಅಂತ 1991ರ ಕಾಯ್ದೆ ಹೇಳುತ್ತದೆ. ಆ ಕಾಯ್ದೆಯ ಪ್ರಶ್ನೆ ತೀರ್ಮಾನ ಆಗುವ ತನಕ ಹೊಸ ದಾವೆ ದಾಖಲಿಸಬೇಡಿ, ಇರುವ ದಾವೆಗಳಲ್ಲಿ ಸರ್ವೆಗೆ ಆದೇಶ ಕೊಡಬೇಡಿ ಅಂತ 2024ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು ಕೆಳಗಿನ ಕೋರ್ಟುಗಳಿಗೆ ಹೇಳಿದೆ.

ಬಂದರಿನ ಝೀನತ್ ಬಕ್ಷ್ ಪಳ್ಳಿಯ ಕೆತ್ತನೆಯ ಮರದ ಕಂಬಗಳನ್ನು ನೋಡಿದವರಿಗೆ ಮಳಲಿಯ ಮರದ ಕೆಲಸ ಆಶ್ಚರ್ಯ ಅಲ್ಲ. ನಮ್ಮ ಹಿರಿಯರು ಈ ಮಣ್ಣಿನ ರೀತಿಯಲ್ಲೇ ಕಟ್ಟಿಸಿದರು. ಗುಮ್ಮಟ, ಮಿನಾರ ಎಲ್ಲ ಆಮೇಲೆ ಬಂದದ್ದು. ಗಲ್ಫ್ ದುಡ್ಡು ಬಂದ ಮೇಲೆ ನಾವು ಹಂಚಿನ ಮಾಡಿನ ಪಳ್ಳಿಗಳನ್ನು ಒಂದೊಂದಾಗಿ ಕೆಡವಿ ಕಾಂಕ್ರೀಟು ಹಾಕಿದೆವು. ಪಳ್ಳಿ ಅಂದರೆ ಹೀಗೂ ಇರುತ್ತದೆ ಅಂತ ತೋರಿಸಲಿಕ್ಕೆ ಇದ್ದ ಸಾಕ್ಷಿಯನ್ನು ನಾವೇ ಲಾರಿಯಲ್ಲಿ ತುಂಬಿಸಿ ಕಳಿಸಿದ ಹಾಗಾಯಿತು. ಇನ್ನು ಮೇಲಾದರೂ ಹಳೆಯ ಪಳ್ಳಿಯ ಒಂದು ಹಂಚು ತೆಗೆಯುವ ಮೊದಲು ಒಳಗೂ ಹೊರಗೂ ಫೋಟೋ ತೆಗೆದಿಡಿ, ಅಳತೆಯ ನಕ್ಷೆ ಮಾಡಿಸಿ, ಲಿಖಿತ ಪರವಾನಗಿ ಕೈಗೆ ಬಂದ ಮೇಲೆಯೇ ಮೇಸ್ತ್ರಿಯನ್ನು ಕರೆಯಿರಿ. ಪಕ್ಕದ ಮನೆಯವರಿಗೆ ಮೊದಲೇ ಹೋಗಿ ಹೇಳಿ. ಅವರ ಒಪ್ಪಿಗೆ ಕಾನೂನಿಗೆ ಬೇಡದಿರಬಹುದು, ಆದರೆ ಪತ್ರಿಕೆಯಲ್ಲಿ ಓದುವ ಬದಲು ನಿಮ್ಮ ಬಾಯಿಂದ ಕೇಳಲಿ.

2025ರ ವಕ್ಫ್ ತಿದ್ದುಪಡಿ ಕಾಯ್ದೆ ಬಂದ ಮೇಲೆ ಈ ಕೆಲಸ ಇನ್ನೂ ಅರ್ಜೆಂಟು. ತಲೆತಲಾಂತರದ ಬಳಕೆಯಿಂದಲೇ ವಕ್ಫ್ ಅನ್ನುವ ದಾರಿ ಮುಂದಕ್ಕೆ ಮುಚ್ಚಿದೆ. ಮೊದಲೇ ನೋಂದಣಿಯಾದವು ಉಳಿಯುತ್ತವೆ, ಅದೂ ವ್ಯಾಜ್ಯ ಇಲ್ಲದಿದ್ದರೆ, ಸರಕಾರಿ ಜಾಗ ಅಲ್ಲದಿದ್ದರೆ. ವಿವರ ಎಲ್ಲ ಉಮೀದ್ ಪೋರ್ಟಲ್‌ಗೆ ಏರಿಸಲಿಕ್ಕೆ ಆರು ತಿಂಗಳ ಗಡುವು ಕೊಟ್ಟಾಗ ಎಷ್ಟು ಕಮಿಟಿಗಳು ಓಡಾಡಿದವು ಅಂತ ನೀವೇ ನೋಡಿದ್ದೀರಿ.

ಹಿಂದೆ ನಾನು ಕಲಿಸುತ್ತಿದ್ದ ಒಂದು ಊರಿನಲ್ಲಿ ಪಳ್ಳಿಗೆ ಮೇಲಿನ ಮಹಡಿ ಹಾಕುವ ಮಾತು ಬಂತು. ಚಂದಾ ಪುಸ್ತಕ ಅಚ್ಚಾಗಿತ್ತು. ದಾಖಲೆ ತೋರಿಸಿ ಅಂತ ಇಂಜಿನಿಯರು ಕೇಳಿದ ಮೇಲೆ ಅಲ್ಮೆರಾ ತೆರೆಯಲಿಕ್ಕೆ ಹೋದರೆ ಬೀಗದ ಕೈ ಯಾರ ಹತ್ತಿರ ಅಂತ ಯಾರಿಗೂ ಗೊತ್ತಿಲ್ಲ. ಎರಡು ಶುಕ್ರವಾರ ಅದಕ್ಕೇ ಹೋಯಿತು. ಒಳಗೆ ಸಿಕ್ಕಿದ್ದು ಕರೆಂಟು ಬಿಲ್ಲುಗಳು, ಹಳೆಯ ರಶೀದಿ ಪುಸ್ತಕ. ಪಹಣಿ ತೆಗೆಸಿದರೆ ಜಾಗ ಇನ್ನೂ ಕೊಟ್ಟವರ ಹೆಸರಿನಲ್ಲೇ ಇತ್ತು. ಅವರು ತೀರಿಹೋಗಿ ವರ್ಷಗಳಾಗಿದ್ದವು, ಬಾಯಿ ಮಾತಿನಲ್ಲಿ ಕೊಟ್ಟಿದ್ದರು. ಅವರ ಮೊಮ್ಮಗ ದಮ್ಮಾಮ್‌ನಲ್ಲಿದ್ದ. ರಜೆಗೆ ಬಂದವನು ತಕರಾರು ಮಾಡದೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿದ. ಮಹಡಿಯ ಕೆಲಸ ಶುರುವಾದದ್ದು ಅದರ ನಂತರವೇ.