ಹಸಿರೆಲ್ಲ ಹಿತವೇ?

ಬೇಗೂರಿನ ಕೆರೆಯಂಚಿನಲ್ಲಿ ಸಂಜೆ ತಿರುಗಾಡುವಾಗ ಹಸಿರು ಕಂಡರೆ ಸಾಕು, ನನ್ನ ಮನಸ್ಸು ತಣಿಯುತ್ತದೆ. ಅದು ಯಾವ ಹಸಿರೆಂದು ವಿಚಾರಿಸುವ ಗೋಜಿಗೆ ಎಂದೂ ಹೋದವನಲ್ಲ. ಕಳೆದ ಭಾನುವಾರ ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿನಿಯೊಬ್ಬಳು ಈ ನೆಮ್ಮದಿಯನ್ನು ಕದಡಿ ಹೋದಳು.

ಆಕೆ ಈಗ ಬಳ್ಳಾರಿಯ ಕಡೆಯ ಗೋಮಾಳಗಳಲ್ಲಿ ಸಂಶೋಧನೆ ನಡೆಸುತ್ತಿದ್ದಾಳೆ. ಬಳ್ಳಾರಿ ಜಾಲಿಯ ಬುಡದ ಮಣ್ಣನ್ನೂ ಬಯಲು ಹುಲ್ಲಿನಡಿಯ ಮಣ್ಣನ್ನೂ ಬೇರೆ ಬೇರೆ ಆಳದಿಂದ ತೆಗೆದು ತೂಗುವುದು. 105 ಡಿಗ್ರಿ ಶಾಖದಲ್ಲಿ ಒಂದು ದಿನವಿಡೀ ಒಣಗಿಸಿ ಮತ್ತೆ ತೂಗುವುದು. ಕಡಮೆಯಾದ ತೂಕವೇ ಮಣ್ಣಿನಲ್ಲಿದ್ದ ನೀರು.

“ಮಣ್ಣು ತೂಗಿ ಡಾಕ್ಟರೇಟ್ ಪಡೆಯಬಹುದೇನಮ್ಮಾ?” ಎಂದು ನಕ್ಕೆ.

“ನೀವು ಮಾತು ತೂಗಿ ಎಂ.ಎ. ಪಡೆಯಲಿಲ್ಲವೇ, ಸಾರ್?” ಎಂದಳು. ನಾನು ಕಾಫಿಯ ಲೋಟಕ್ಕೆ ಶರಣಾದೆ.

ಹೆಸರಿನಲ್ಲಿ ಬಳ್ಳಾರಿಯಿದ್ದರೂ ಈ ಜಾಲಿಯ ತವರು ಮೆಕ್ಸಿಕೊ, ಕೆರಿಬಿಯನ್ ದ್ವೀಪಗಳು, ದಕ್ಷಿಣ ಅಮೆರಿಕದ ಉತ್ತರ ಭಾಗ. ಒಣನಾಡಿಗೆ ಸೌದೆಯಾದೀತೆಂದು 1870ರ ದಶಕದಲ್ಲಿ ಇದರ ಬೀಜವನ್ನು ಮದರಾಸು ಪ್ರಾಂತಕ್ಕೆ ತರಿಸಿದರು. ಬಳ್ಳಾರಿಯೂ ಆಗ ಆ ಪ್ರಾಂತದಲ್ಲಿಯೇ ಇತ್ತು. ಆಡು ದನಗಳು ಎಲೆಯನ್ನು ಮೂಸಿ ಬಿಡುತ್ತವೆ, ಸಿಹಿಗಾಯಿಯನ್ನು ಮಾತ್ರ ತಿನ್ನುತ್ತವೆ. ಬೀಜ ಸಗಣಿಯೊಡನೆ ಹೊಸ ನೆಲ ಸೇರುತ್ತದೆ. ಕಡಿದರೆ ಬುಡ ಮತ್ತೆ ಚಿಗುರುತ್ತದೆ.

ಹುಲ್ಲು ಮೇಲ್ಮಣ್ಣಿನ ತೇವವನ್ನು ನಂಬಿದ ಬಡಜೀವ. ಮಳೆ ಹೋದರೆ ಒಣಗಿ ಸುಮ್ಮನಾಗುತ್ತದೆ. ಜಾಲಿಯಾದರೋ ಬೇರನ್ನು ಮೇಲೂ ಹರಡಿ ಆಳಕ್ಕೂ ಇಳಿಸಿ, ಬೇಸಗೆಯಲ್ಲಿಯೂ ನೀರೆಳೆಯುತ್ತದೆ. ಇದೇ ಕುಲದ ಮರವೊಂದರ ಬೇರು ಅಮೆರಿಕದ ಅರಿಜೋನದ ಗಣಿಯೊಂದರಲ್ಲಿ 53 ಮೀಟರ್ ಆಳದಲ್ಲಿ ದೊರೆತಿತ್ತು. ಇಥಿಯೋಪಿಯದ ಅಫಾರ್ ಪ್ರದೇಶದಲ್ಲಿ ಅಳೆದವರು 2021ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಒಂದು ಜಾಲಿಮರ ದಿನಕ್ಕೆ ಸರಾಸರಿ 7 ಲೀಟರ್ ನೀರು ಕುಡಿಯುತ್ತದೆ. ಒಂದು ಬಿಂದಿಗೆಯೂ ಆಗದು. ಆದರೆ ಮರ ಒಂದೇ ಅಲ್ಲವಲ್ಲ!

“ಹಾಗಾದರೆ ಎಲ್ಲವನ್ನೂ ಕಡಿದೊಗೆಯಬಾರದೆ?” ಎಂದೆ.

ಆಕೆ ಕ್ಷಣಕಾಲ ಸುಮ್ಮನಿದ್ದು, ಸೌದೆ ಹೊತ್ತು ಬಂದ ಮುದುಕಿಯೊಬ್ಬಳು ತನಗೆ ಹೇಳಿದ ಮಾತನ್ನು ತಿಳಿಸಿದಳು: “ಯವ್ವಾ, ಈ ಜಾಲಿ ನೀರು ಕುಡೀತೈತಿ ಅಂತ ಬರೀತಿ. ನಮ್ಮ ಒಲಿ ಉರಿಯೋದೂ ಇದರಿಂದನ, ಅದನ್ನೂ ಬರಿ.”

“ಬರೆದೆಯಾ?”

“ತೂಕದ ಲೆಕ್ಕವಿದ್ದ ಹಾಳೆಯಲ್ಲಿಯೇ ಬರೆದುಕೊಂಡೆ, ಸಾರ್. ಆದರೆ ಅದನ್ನು ಯಾವ ಅಂಕಣದಲ್ಲಿ ಕೂಡಿಸಬೇಕೋ ಇನ್ನೂ ತಿಳಿದಿಲ್ಲ.”

ಮರುದಿನ ಸಂಜೆ ಕೆರೆಯಂಚಿನ ಪೊದೆಯೊಂದರ ಮುಂದೆ ಬಹಳ ಹೊತ್ತು ನಿಂತೆ. ನಮ್ಮೂರ ನಾಗೇಶ್ವರ ದೇವಾಲಯದಲ್ಲಿ ಬೆಂಗಳೂರಿನ ಹೆಸರು ಹೊತ್ತ, ಸಾವಿರ ವರ್ಷ ಮೀರಿದ ಶಾಸನವನ್ನು ಅತಿಥಿಗಳಿಗೆ ಓದಿ ತೋರಿಸುವ ಹೆಮ್ಮೆ ನನ್ನದು. ಆ ಪೊದೆಯ ಹೆಸರು ಮಾತ್ರ ನನಗೆ ಗೊತ್ತಿರಲಿಲ್ಲ.