ತಪ್ಪು ಬುರ್ಖಾದ್ದಲ್ಲ, ಬೈಕ್ ಓಡಿಸುವ ನಮ್ಮದು

ಬೇಕರಿ ವ್ಯಾಪಾರಕ್ಕೆಂದು ಊರು ಬಿಟ್ಟು ತೆಲಂಗಾಣದ ಸಿರ್ಗಾಪುರಕ್ಕೆ ಬಂದವನು ನಾನು. ಕಳೆದ ಬೇಸಗೆಯಲ್ಲಿ ನಾರಾಯಣಖೇಡ್ ಕಡೆ ಹೋಗುವಾಗ, ಹಿಂದೆ ಕೂತಿದ್ದ ಹೆಂಡತಿಯ ಬುರ್ಖಾದ ಅಂಚು ಬೈಕಿನ ಚಕ್ರಕ್ಕೆ ಸಿಕ್ಕಿತು. ನಿಧಾನಕ್ಕೆ ಹೋಗುತ್ತಿದ್ದುದರಿಂದ ಅವಳ ಹಣೆಗೆ ನಾಲ್ಕು ಹೊಲಿಗೆ ಹಾಕಿಸುವಷ್ಟಕ್ಕೇ ಮುಗಿಯಿತು. ನನ್ನ ತಲೆಯಲ್ಲಿ ಹೆಲ್ಮೆಟ್ ಇತ್ತು. ಅವಳ ತಲೆಯಲ್ಲಿ ಇರಲಿಲ್ಲ.

ಊರಿನಿಂದ ಫೋನ್ ಮಾಡಿದವರೆಲ್ಲ ಹೇಳಿದ್ದು ಒಂದೇ ಮಾತು: "ಬುರ್ಖಾ ಸರಿಯಾಗಿ ಹಿಡ್ಕೊಳ್ಬೇಕಿತ್ತು." ಇಲ್ಲ. ಚಂದ ಕಾಣುವುದಿಲ್ಲ ಎಂದು ಸೀರೆ ಗಾರ್ಡ್ ಬಿಚ್ಚಿಸಿದವನು ನಾನು. ಹಿಂಬದಿ ಸವಾರರ ಬಟ್ಟೆ ಸಿಲುಕದಂತೆ ಹಿಂದಿನ ಚಕ್ರದ ಅರ್ಧಭಾಗವನ್ನಾದರೂ ಮುಚ್ಚುವ ರಕ್ಷಣೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 123 ಹೇಳುತ್ತದೆ. ಹಿಡಿದುಕೊಳ್ಳಲು ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್ ಕೂಡ ಇರಬೇಕು.

ಹೆಲ್ಮೆಟ್ ವಿಷಯದಲ್ಲೂ ಹಾಗೆಯೇ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 129ರಂತೆ ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರಿಗೂ, ಹಿಂದೆ ಕೂತವರಿಗೂ, ಅದು ಕಡ್ಡಾಯ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಮಂದಿ. ಅವರಲ್ಲಿ 14,337 ಮಂದಿ ಹಿಂದೆ ಕೂತವರು. ಅವರಲ್ಲಿ ಎಷ್ಟು ಉಮ್ಮಂದಿರು, ಎಷ್ಟು ಹೆಂಡತಿಯರು, ಎಷ್ಟು ತಂಗಿಯರು ಇದ್ದರೋ!

"ಸೆಕೆ, ಶಾಲಿನ ಮೇಲೆ ಹೆಲ್ಮೆಟ್ ಕೂರುವುದಿಲ್ಲ" ಎಂದು ಹೆಂಗಸರು ಹೇಳಿದರೆ ನಾವು ಅದನ್ನೇ ನೆಪ ಮಾಡಿಕೊಳ್ಳುತ್ತೇವೆ. ಅವರು ಹೇಳುವುದು ಸುಳ್ಳಲ್ಲ. ನಮ್ಮ ತಲೆಯ ಅಳತೆಗೆ ತಂದ ಹೆಲ್ಮೆಟ್ ಅವರಿಗೆ ಹೇಗೆ ಕೂರಬೇಕು? ಅಂಗಡಿಗೆ ಅವರನ್ನೇ ಕರೆದುಕೊಂಡು ಹೋಗಿ. ತೆಳುವಾದ ಹತ್ತಿ ಶಾಲು ಒಂದೇ ಸುತ್ತು ಸುತ್ತಿ, ಪಿನ್ನು ಮತ್ತು ಹಿಂದಿನ ಗಂಟು ತೆಗೆದು, ಆ ಮೇಲೆ ಹಾಕಿ ನೋಡಲಿ. ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಜಾರಬಾರದು. ಗಾಳಿಯಾಡುವ ತೂತುಗಳಿರಲಿ, ಒಳಗಿನ ಬಟ್ಟೆ ಬಿಚ್ಚಿ ತೊಳೆಯುವಂತಿರಲಿ. ಐಎಸ್‌ಐ ಗುರುತು, ಐಎಸ್ 4151 ಎಂಬ ಸಂಖ್ಯೆ ನೋಡಿಯೇ ಕೊಳ್ಳಿ. 2021ರ ಜೂನ್ 1ರಿಂದ ಆ ಗುರುತಿಲ್ಲದ ಹೆಲ್ಮೆಟ್ ಮಾರುವಂತೆಯೇ ಇಲ್ಲ. ರಸ್ತೆ ಬದಿಯ ಟೋಪಿಯಂಥ ಹೆಲ್ಮೆಟ್ ಪೊಲೀಸರಿಗೆ ತೋರಿಸಲಿಕ್ಕೆ ಆದೀತು, ತಲೆ ಉಳಿಸಲಿಕ್ಕಲ್ಲ.

ಹಿತವಾಗಿರುವುದು ಐಷಾರಾಮವಲ್ಲ. ಹಿತವಿಲ್ಲದ ಹೆಲ್ಮೆಟ್ ಬಾಗಿಲ ಹಿಂದೆ ನೇತಾಡುತ್ತದೆ, ತಲೆಗೆ ಬರುವುದಿಲ್ಲ.

ಮದುವೆಗೆ ಲಕ್ಷ ಕೊಟ್ಟು ಬೈಕ್ ತೆಗೆಯುವ ನಮ್ಮ ಹುಡುಗರು ಎರಡನೇ ಹೆಲ್ಮೆಟ್ ಬಂದಾಗ ಮಾತ್ರ ಚೌಕಾಶಿಗಿಳಿಯುತ್ತಾರೆ. ನಾನೂ ಹಾಗೆಯೇ ಇದ್ದೆ. ಈಗ ಸೀರೆ ಗಾರ್ಡ್ ಮತ್ತೆ ಹಾಕಿಸಿದ್ದೇನೆ. ಹೆಂಡತಿ ತನ್ನ ಹೆಲ್ಮೆಟ್ ತಾನೇ ಆರಿಸಿದ್ದಾಳೆ. ಅವಳು ಪಟ್ಟಿ ಬಿಗಿದ ಮೇಲೆಯೇ ನಾನು ಬೈಕ್ ಸ್ಟಾರ್ಟ್ ಮಾಡುವುದು. ನಿಮ್ಮ ಮನೆಯಲ್ಲಿ ಎಷ್ಟು ಹೆಲ್ಮೆಟ್ ಇವೆ, ಇವತ್ತೇ ಎಣಿಸಿ ನೋಡಿ.